ಕನಸು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು

ನನ್ನ ಆನಿಮೇಷನ್ ಕಿರುಚಿತ್ರ ನಾಲ್ಕೇ ನಿಮಿಷದ್ದು. ಮಲಗಿದವರ ಕನಸನ್ನು ರೆಕಾರ್ಡ್ ಮಾಡುವ ಯಂತ್ರ, ಅದನ್ನು ನೋಡಿಕೊಳ್ಳುವ ಒಬ್ಬ ಹುಡುಗಿ. ಬರಬರುತ್ತಾ ಅವಳಿಗೆ ತಾನು ಎಚ್ಚರವಾಗಿದ್ದೇನಾ, ಬೇರೆಯವರ ಕನಸಿನೊಳಗೆ ಇದ್ದೇನಾ ಅನ್ನೋದೇ ತಿಳಿಯದೆ ಹೋಗುತ್ತದೆ.

ಮೊದಲ ಸಲ ಕನಸಿನ ಶಾಟ್‌ಗಳಿಗೆಲ್ಲ ನೀಲಿ ಬಣ್ಣ ಕೊಟ್ಟೆ, ಅಂಚು ಮಸುಕು ಮಾಡಿದೆ, ಸಂಗೀತ ಬದಲಿಸಿದೆ. ನೋಡಿದವರೆಲ್ಲ ಹೇಳಿದ್ದು ಒಂದೇ: "ಓ, ಈಗ ಕನಸು ಬಂತು." ಹಾಗೆ ಗೊತ್ತಾಗಿಬಿಟ್ಟರೆ ಭಯ ಎಲ್ಲಿಂದ ಬರಬೇಕು?

ಆಮೇಲೆ ಜಪಾನಿನ ಆನಿಮೇಷನ್ ನಿರ್ದೇಶಕ ಸತೋಶಿ ಕೋನ್ ಅವರ 2006ರ ಸಿನಿಮಾ ‘ಪಪ್ರಿಕಾ’ ಮತ್ತೆ ಹಾಕಿಕೊಂಡು ಕೂತೆ. ಅದರಲ್ಲೂ ಬೇರೆಯವರ ಕನಸಿನೊಳಗೆ ಹೋಗುವ ಯಂತ್ರ ಇದೆ. ಈ ಸಲ ಕಥೆ ಬಿಟ್ಟು ಬರೀ ಕಟ್‌ಗಳನ್ನು, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗಗಳನ್ನು, ನೋಡಿದೆ, ಒಂದೊಂದೇ ಫ್ರೇಮ್ ಸರಿಸುತ್ತಾ. ಶುರುವಿನಲ್ಲೇ ಪತ್ತೇದಾರನ ಕನಸು ಸರ್ಕಸ್ಸಿನಿಂದ ಕಾಡಿಗೆ, ಕಾಡಿನಿಂದ ರೈಲಿಗೆ ಜಾರುತ್ತದೆ. ಎಲ್ಲೂ ಮಂಜು ಹಾಕಿಲ್ಲ. ಕಣ್ಣು ಚಲನೆಯ ಹಿಂದೆ ಹೋಗುತ್ತಿರುತ್ತದೆ, ಅಷ್ಟರಲ್ಲಿ ಜಾಗವೇ ಬೇರೆಯಾಗಿರುತ್ತದೆ. ಕನಸಿನ ಯಂತ್ರವೇ ಇಲ್ಲದ 1997ರ ‘ಪರ್ಫೆಕ್ಟ್ ಬ್ಲೂ’ನಲ್ಲೂ ಅವರು ನಿಜ ಯಾವುದು, ಭ್ರಮೆ ಯಾವುದು ಅಂತ ಹೀಗೇ ಗೊಂದಲ ಹುಟ್ಟಿಸಿದ್ದರು.

ಆಗ ಹೊಳೆಯಿತು. ಆನಿಮೇಷನ್‌ನಲ್ಲಿ ನಿಜವಾದ ಟೇಬಲ್ಲೂ ನಾನೇ ಬರೆದದ್ದು, ಕನಸಿನ ಟೇಬಲ್ಲೂ ನಾನೇ ಬರೆದದ್ದು, ಅಲ್ವಾ? ಗೆರೆ ಅದೇ, ಬಣ್ಣ ಅದೇ. ಸುಮ್ನೆ ಬಿಟ್ಟಿದ್ದರೆ ಎರಡೂ ಒಂದೇ ಥರ ಇರುತ್ತಿದ್ದವು. ನೀಲಿ ಹಚ್ಚಿ ಬೇರೆ ಮಾಡಿದವಳು ನಾನೇ.

ನೀಲಿಯನ್ನೆಲ್ಲ ಅಳಿಸಿದೆ. ಜಾಸ್ತಿ ಹೊತ್ತು ಹಿಡಿದದ್ದು ಬಾಗಿಲಿನ ಶಾಟ್. ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರಕ್ಕೆ ಎರಡು ಫ್ರೇಮ್, ಅಂದರೆ ಸೆಕೆಂಡಿಗೆ 12 ಚಿತ್ರ. ಹುಡುಗಿ ಬಾಗಿಲ ಹಿಡಿ ತಿರುಗಿಸಲು ಏಳು ಚಿತ್ರ ಬೇಕಾಯಿತು. ನಾಲ್ಕನ್ನು ಯಂತ್ರ ಇರುವ ಲ್ಯಾಬ್‌ನಲ್ಲಿ ಇಟ್ಟೆ, ಮೂರನ್ನು ಕನಸಿನಲ್ಲಿ. ಕನಸಿನ ಶಾಟನ್ನು ನಾಲ್ಕನೇ ಚಿತ್ರದ ಭಂಗಿಯಿಂದಲೇ ಮತ್ತೆ ಶುರು ಮಾಡಿದ್ದೆ, ಕೈ ಒಂದು ಕ್ಷಣ ಸಿಕ್ಕಿಹಾಕಿಕೊಂಡ ಹಾಗೆ ಕಂಡಿತು. ನೇರ ಐದನೇ ಭಂಗಿಗೆ ಹೋದ ಮೇಲೆ ಸರಿಯಾಯಿತು. ಮಣಿಕಟ್ಟು ಪರದೆಯ ಮೇಲೆ ಒಂಚೂರೂ ಜಿಗಿಯಬಾರದು ಅಂತ ಹಿಂದಿನ ಚಿತ್ರವನ್ನು ತೆಳುವಾಗಿ ತೋರಿಸುವ ಆನಿಯನ್ ಸ್ಕಿನ್ ಹಾಕಿಕೊಂಡು, ಅದರ ಮೇಲೇ ಬರೆದೆ. ಕಣ್ಣು ಕೈಯನ್ನೇ ನೋಡುತ್ತಿರುತ್ತದೆ. ಹಿಂದಿನ ಗೋಡೆ ಬದಲಾದದ್ದು ತಡವಾಗಿ ಗೊತ್ತಾಗುತ್ತದೆ.

ಶಬ್ದಕ್ಕೂ ಅದೇ ಕೆಲಸ. ಯಂತ್ರದ ಗುಂಯ್ ಅನ್ನುವ ಸದ್ದನ್ನು ಕಟ್ ಆದ ಮೇಲೂ ಮೂರು ಸೆಕೆಂಡು ಎಳೆದು, ಪಟ್ಟಂತ ನಿಲ್ಲಿಸಿದೆ. ನೋಡುವವರು ಬೆಚ್ಚುವುದು ಅಲ್ಲೇ.

ಒಂದೇ ಒಂದು ಸುಳಿವು ಉಳಿಸಿದೆ. ದೀಪ ಎಡಕ್ಕಿದೆ, ಬಲಕ್ಕೆ ಬೀಳಬೇಕಾದ ಟೇಬಲ್ ಮೇಲಿನ ಕಪ್‌ನ ನೆರಳು ಕನಸಿನಲ್ಲಿ ಎಡಕ್ಕೇ ಬೀಳುತ್ತದೆ. ಎರಡನೇ ಸಲ ನೋಡಿದವರು ಅದನ್ನು ಹಿಡಿದರು, ನನಗೆ ತುಂಬಾ ಖುಷಿಯಾಯಿತು. ಹಾಗಾದರೆ ಕೊನೆಯಲ್ಲಿ ಅವಳು ನಿಜವಾಗಿ ಎದ್ದಳಾ ಅಂತ ಅವರು ಕಪ್ ಹುಡುಕಿದರು. ಕೊನೆಯ ಶಾಟ್‌ನಲ್ಲಿ ನಾನು ಕಪ್ ಬರೆದಿಲ್ಲ. ಟೇಬಲ್ ಮೇಲೆ ಅದರ ತಳದ ಒದ್ದೆ ಗುರುತು ಮಾತ್ರ ಇದೆ.