ಡಯಾಲಿಸಿಸ್‌ಗೆ ಹೋಗುವವರಿಗೊಂದು ಬೆಚ್ಚನೆಯ ಕಸೆ ಅಂಗಿ

ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ಗಂಟೆ ಮಲಗಿದವರಿಗೇ ಗೊತ್ತು ಆ ಚಳಿ. ಮೇಲೆ ಏಸಿ. ಅದು ಸಾಲದು ಅಂತ, ಮೈಯ ರಕ್ತ ಪೈಪಿನಲ್ಲಿ ಹೊರಬಂದು ಮಷಿನ್ ಸುತ್ತಿ ವಾಪಸ್ ಹೋಗುವಷ್ಟರಲ್ಲಿ ಒಂದಿಷ್ಟು ಬಿಸಿ ಕಳೆದುಕೊಂಡಿರುತ್ತದೆ. ನಮ್ಮ ಚಿಕ್ಕಪ್ಪ ಏಪ್ರಿಲ್ ಬಿಸಿಲಲ್ಲೂ ಮಂಕಿ ಕ್ಯಾಪ್ ಹಾಕಿಕೊಂಡೇ ಹೋಗುತ್ತಿದ್ದರು. ಪಾಪ ಅಂತ ಫ್ಲೀಸ್ ಜಾಕೆಟ್ ಹೊಲಿದುಕೊಟ್ಟೆ, ಮೊದಲ ದಿನವೇ ವಾಪಸ್ ಬಂತು. ತೋಳು ಮೇಲೇರಲಿಲ್ಲ, ಸಿಸ್ಟರ್‌ಗೆ ಸೂಜಿ ಚುಚ್ಚುವ ಜಾಗವೇ ಸಿಗಲಿಲ್ಲ. "ಆ ಕೈ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚೋ ಹಂಗೆ ಹೊಲಿಯಮ್ಮ" ಅಂದರು.

ಹಾಗಾಗಿ ಮೊದಲು ಕೇಳಬೇಕಾದ್ದು ಅಳತೆಯಲ್ಲ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದೇ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ) ಯಾವ ಕೈಯಲ್ಲಿದೆ ಅಂತ.

ಬಟ್ಟೆಗೆ ಸಿಂಗಲ್ ಬೆಡ್ ಫ್ಲೀಸ್ ಬ್ಲಾಂಕೆಟ್ ಸಾಕು, ಸುಮಾರು 60 ಇಂಚು ಅಗಲ, 90 ಇಂಚು ಉದ್ದ ಇರುತ್ತದೆ. ತಿಳಿ ಬಣ್ಣವೇ ಇರಲಿ. ಕಲೆ ಕಾಣಬಾರದು ಅಂತ ಕಡು ಕೆಂಪು, ಕಪ್ಪು ತರುತ್ತಾರೆ, ಅದು ತಪ್ಪು. ರಕ್ತ ಒಸರಿದರೆ ತಕ್ಷಣ ಕಣ್ಣಿಗೆ ಬೀಳಬೇಕು ಅಲ್ವಾ? ತಂದದ್ದನ್ನು ಒಮ್ಮೆ ಒಗೆದು ಒಣಗಿಸಿ.

52 ಇಂಚು ಉದ್ದ ಕತ್ತರಿಸಿ, ಉದ್ದಕ್ಕೆ ಅರ್ಧ ಮಡಿಸಿ. ಆ ಮಡಿಕೆಯೇ ಭುಜ. ಆಮೇಲೆ ಅಗಲಕ್ಕೂ ಅರ್ಧ ಮಡಿಸಿದರೆ 26 ಇಂಚು ಉದ್ದ, 30 ಇಂಚು ಅಗಲದ ನಾಲ್ಕು ಪದರ ಸಿಗುತ್ತದೆ. ಎದೆ ಸುತ್ತಳತೆಗೆ 10 ಇಂಚು ಸೇರಿಸಿ ನಾಲ್ಕರಿಂದ ಭಾಗಿಸಿ. ಚಿಕ್ಕಪ್ಪನದು 38, ಅಂದರೆ 12 ಇಂಚು. ನಡುವಿನ ಮಡಿಕೆಯಿಂದ 12 ಇಂಚಿಗೆ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆಯಿರಿ, ಭುಜದಿಂದ 9 ಇಂಚು ಕೆಳಗೆ ನಿಲ್ಲಿಸಿ, ಅಲ್ಲಿಂದ ತೋಳಿನ ತುದಿಯವರೆಗೆ ಅಡ್ಡಕ್ಕೆ ಹೋಗಿ. ಬಗಲಲ್ಲಿ ಮೂಲೆ ಬೇಡ, ಗುಂಡಗೆ ತಿರುಗಿಸಿ. ಕತ್ತು ನಡುವಿನ ಮಡಿಕೆಯಿಂದ ಮೂರೂವರೆ ಇಂಚು ಅಗಲ, ಹಿಂದೆ ಒಂದು ಇಂಚು ಆಳ, ಮುಂದೆ ಮೂರು. ಮುಂಭಾಗದ ಪದರವನ್ನು ಮಾತ್ರ ನಡುವೆ ಸೀಳಿ.

ಹೊಲಿಗೆ ಸುಲಭ. ಫ್ಲೀಸ್‌ನ ಅಂಚಲ್ಲಿ ನೂಲು ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಓವರ್‌ಲಾಕ್ ಬೇಡ, ಅಂಚು ಮಡಿಸಲೂ ಬೇಡ. 14 ನಂಬರ್ ಬಾಲ್ ಪಾಯಿಂಟ್ ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆ ಸ್ವಲ್ಪ ಉದ್ದ. ಸಣ್ಣ ಹೊಲಿಗೆ ಹಾಕಿದರೆ ಬಟ್ಟೆ ಅಲೆಅಲೆಯಾಗಿ ಎಳೆದುಕೊಳ್ಳುತ್ತದೆ. ಗುಂಡುಪಿನ್ನು ಹಾಕಬೇಡಿ, ಬಟ್ಟೆಯ ಜುಂಗಿನಲ್ಲಿ ಹೂತುಹೋಗುತ್ತದೆ, ಆಮೇಲೆ ಪೇಷೆಂಟ್‌ಗೆ ಚುಚ್ಚುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪೇ ಸಾಕು. ಒಂದು ಅಂಗಿಗೇ ಬಾಬಿನ್ ಸುತ್ತ ರಾಶಿ ಜುಂಗು ಸೇರುತ್ತದೆ, ಬ್ರಷ್‌ನಿಂದ ತೆಗೆಯುತ್ತಿರಿ. ತೋಳಿನ ಕೆಳಗಿನಿಂದ ಪಕ್ಕದವರೆಗೆ ಅರ್ಧ ಇಂಚು ಬಿಟ್ಟು ಒಂದೇ ಓಟದಲ್ಲಿ ಹೊಲಿಯಿರಿ.

ಈಗ ಮುಖ್ಯ ಕೆಲಸ. ಅಂಗಿಯನ್ನು ತೊಡಿಸಿ ನೋಡಿ, ಫಿಸ್ಟುಲಾ ಇರುವ ಕಡೆಯ ತೋಳಿಗೆ ಚಾಕ್‌ಪೀಸ್ ಗುರುತು ಹಾಕಿ. ತೊಡಿಸದೆ ಗುರುತು ಹಾಕಲು ಹೋಗಿ ನಾನು ಒಮ್ಮೆ ಎಡ ಬಲ ಅದಲುಬದಲು ಮಾಡಿದ್ದೇನೆ. ಬಿಚ್ಚಿದ ಮೇಲೆ ಕತ್ತಿನಿಂದ ಮುಂಗೈವರೆಗೆ ಭುಜದ ಮಡಿಕೆಯನ್ನು ಪೂರ್ತಿ ಸೀಳಿ. ಹಿಂಭಾಗದ ಅಂಚಿಗೆ 3 ಇಂಚಿನ ಪಟ್ಟಿ ಸೇರಿಸಿದರೆ ಸಂದಿಯಲ್ಲಿ ಗಾಳಿ ನುಗ್ಗುವುದಿಲ್ಲ. ನಾಲ್ಕೈದು ಜೊತೆ ಕಸೆ ಹೊಲಿಯಿರಿ, ಪಾಯಿಜಾಮದ ಹತ್ತಿ ಲಾಡಿಯನ್ನು 8 ಇಂಚಿನ ತುಂಡು ಮಾಡಿದರಾಯಿತು. ಅಜ್ಜಂದಿರ ಕಸೆ ಅಂಗಿ ಎದೆಯ ಮೇಲೆ ಕಟ್ಟುತ್ತಿತ್ತು, ಇದು ತೋಳಿನ ಮೇಲೆ, ಅಷ್ಟೇ. ವೆಲ್ಕ್ರೋ ಎದೆಯ ಹತ್ತಿರ ಓಕೆ. ತೋಳಲ್ಲಿ ಬೇಡ, ಅದರ ಒರಟು ಮುಖ ಫ್ಲೀಸಿಗೂ ಬ್ಯಾಂಡೇಜಿಗೂ ಅಂಟಿಕೊಳ್ಳುತ್ತದೆ. ಆ ಕೈಗೆ ಎಲಾಸ್ಟಿಕ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಫಿಸ್ಟುಲಾ ಕೈಯನ್ನು ಬಿಗಿಯುವಂತೆಯೇ ಇಲ್ಲ.

ಮಷಿನ್ ನಡೆಯುವಾಗ ಸೂಜಿ ಇರುವ ಭಾಗದ ಕಸೆ ಬಿಚ್ಚಿಯೇ ಇರಬೇಕು. ಸೂಜಿ ಜಾರಿದರೆ ಬಟ್ಟೆಯ ಕೆಳಗೆ ರಕ್ತ ಹೋಗುತ್ತಿರುವುದು ಯಾರಿಗೂ ಕಾಣುವುದಿಲ್ಲ, ಅದು ಜೀವಕ್ಕೇ ಅಪಾಯ. ಅಂಗಿ ಕೊಡುವಾಗ ಇದನ್ನು ಜೊತೆಗೆ ಬರುವವರಿಗೂ ಹೇಳಿ.

ಇಸ್ತ್ರಿ ಮಾಡಲೇಬೇಡಿ. ಫ್ಲೀಸ್ ಅಂದರೆ ಪಾಲಿಯೆಸ್ಟರ್, ನೀರಿನ ಬಾಟಲಿಯ ಜಾತಿಯದೇ, ಕರಗಿ ಅಂಟುತ್ತದೆ. ಒಲೆ, ದೀಪದ ಹತ್ತಿರ ಇದನ್ನು ಹಾಕಿಕೊಂಡು ನಿಲ್ಲಬಾರದು. ತಣ್ಣೀರಲ್ಲಿ ಒಗೆದು ನೆರಳಲ್ಲಿ ಹರವಿದರೆ ಬೇಗ ಒಣಗುತ್ತದೆ, ಒಂದು ದಿನ ಬಿಟ್ಟು ಮತ್ತೆ ಬೇಕಾಗುತ್ತದಲ್ಲ. ಉಳಿದ ತುಂಡನ್ನು ಕಾಲಿಗೆ ಹೊದಿಸಿ.