ಶಾಲೆಯ ತುರ್ತು ಯೋಜನೆ: ಪೊಲೀಸರ ಜೊತೆ ಕೂತು ಮಾಡುವುದು ಹೇಗೆ?

2023ರ ಡಿಸೆಂಬರ್ 1ರಂದು ಬೆಂಗಳೂರಿನ ಮತ್ತು ಸುತ್ತಮುತ್ತಲ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಎಲ್ಲವೂ ಹುಸಿ ಎಂದು ಗೊತ್ತಾಗುವ ಹೊತ್ತಿಗೆ ಹೆತ್ತವರು ಕೈಲಿದ್ದ ಕೆಲಸ ಬಿಟ್ಟು ಶಾಲೆಗಳತ್ತ ಓಡಿದ್ದರು. ಎಷ್ಟೋ ಶಾಲೆಗಳ ಯೋಜನೆ ನೋಡಿದ್ದೇನೆ. ಮಕ್ಕಳನ್ನು ಮೈದಾನಕ್ಕೆ ತರುವುದು ಎಲ್ಲದರಲ್ಲೂ ಇದೆ. ಆಮೇಲೆ ಅವರನ್ನು ಯಾರ ಕೈಗೆ, ಹೇಗೆ ಒಪ್ಪಿಸಬೇಕು ಅನ್ನೋದು ಹೆಚ್ಚಿನವುಗಳಲ್ಲಿ ಇಲ್ಲ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ತೀರಿಕೊಂಡರು. ಆ ದುರಂತದ ಬಳಿಕ ಸಲ್ಲಿಕೆಯಾದ ಅರ್ಜಿಯ ಮೇಲೆ 2009ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಭಯವಿಲ್ಲದೆ ಸುರಕ್ಷಿತವಾಗಿ ಕಲಿಯುವುದು ಮಗುವಿನ ಹಕ್ಕು ಎಂದಿತು. ಬಾಂಬ್ ಬೆದರಿಕೆಗಳ ವಿಚಾರದಲ್ಲಿ 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಸರ್ಕಾರ ಮತ್ತು ಪೊಲೀಸರಿಗೆ 8 ವಾರಗಳ ಗಡುವು ಕೊಟ್ಟು, ಯಾರ ಹೊಣೆ ಏನು ಎಂದು ಬರೆದಿಡಲು ಹೇಳಿತು. ನಮ್ಮಲ್ಲೂ ಇದು ಪ್ರತಿ ಠಾಣೆಗೆ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಶಾಲೆಯೇ ಠಾಣೆಗೆ ಹೋಗಲಿ.

ಮೊದಲು ಇನ್‌ಸ್ಪೆಕ್ಟರ್‌ಗೆ ಪತ್ರ ಕೊಟ್ಟು ಶಾಲೆಗೆ ಕರೆಯಿರಿ. ಗೇಟು, ಮೆಟ್ಟಿಲು, ಮೇನ್ ಸ್ವಿಚ್, ಬಿಸಿಯೂಟದ ಗ್ಯಾಸ್ ಸಿಲಿಂಡರ್ ಎಲ್ಲಿವೆ ಎಂದು ಕೈಯಲ್ಲೇ ನಕ್ಷೆ ಬರೆಯಿರಿ. ಅವರ ಜೊತೆ ಒಂದು ಸುತ್ತು ನಡೆಯಿರಿ. ಹಿಂದಿನ ಗೇಟಿನ ಬೀಗ ತುಕ್ಕು ಹಿಡಿದಿರುವುದು, ಅದರ ಕೀ ವಾಚ್‌ಮ್ಯಾನ್ ಮನೆಯಲ್ಲಿರುವುದು ಆಗಲೇ ಬಯಲಾಗುವುದು. ದುಡ್ಡಿಗೆ ಸಿಗುವ ರೆಡಿಮೇಡ್ ಯೋಜನೆಯ ಫೈಲ್ ತರಲೇಬೇಡಿ. ಅದರಲ್ಲಿ ಶಾಲೆಯ ಹೆಸರು ಮಾತ್ರ ನಿಮ್ಮದಾಗಿರುತ್ತದೆ.

ಎಚ್ಚರಿಕೆಗೆ ಕೈಯಲ್ಲಿ ಬಾರಿಸುವ ಗಂಟೆಯೇ ಸಾಕು. ಕರೆಂಟ್ ಹೋದರೆ ಬಾಯಿ ಮುಚ್ಚುವ ಸೈರನ್ ನಂಬಬೇಡಿ. ಬೆದರಿಕೆ ಬಂದರೆ ಕೂಡಲೇ 112ಕ್ಕೆ ಫೋನ್ ಮಾಡಿ. ಇ-ಮೇಲ್ ಅಳಿಸಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ, ವಾರಸುದಾರರಿಲ್ಲದ ಚೀಲ ಮುಟ್ಟಬೇಡಿ. ಮಕ್ಕಳು ಬ್ಯಾಗ್ ಬಿಟ್ಟು ಬರಲಿ, ಟೀಚರ್ ಹಾಜರಿ ಪುಸ್ತಕ ತರಲಿ.

ಈಗ ಕಷ್ಟದ ಹಂತ, ಮಕ್ಕಳನ್ನು ಒಪ್ಪಿಸುವುದು.

ಮಕ್ಕಳು ಇರುವ ಜಾಗ, ಹೆತ್ತವರು ನಿಲ್ಲುವ ಜಾಗ ಬೇರೆ ಬೇರೆ ಇರಲಿ. ಒಬ್ಬರಿಗೊಬ್ಬರು ಕಾಣಲೇಬಾರದು. ಮಗು ಕಂಡರೆ ತಾಯಿ ಹಗ್ಗ ದಾಟಿ ಬರುತ್ತಾಳೆ, ಹಿಂದೆಯೇ ನೂರು ಜನ ನುಗ್ಗುತ್ತಾರೆ. ಆಮೇಲೆ ಯಾವ ಮಗು ಯಾರ ಜೊತೆ ಹೋಯಿತು ಎಂದು ಯಾರೂ ಹೇಳಲಾರರು. ಹೆತ್ತವರ ಕಡೆ ತರಗತಿಗೊಂದು ಟೇಬಲ್ ಹಾಕಿ. ಬಂದವರು ಚೀಟಿಯಲ್ಲಿ ಮಗುವಿನ ಹೆಸರು, ಸೆಕ್ಷನ್, ತಮ್ಮ ಹೆಸರು ಬರೆದು ಗುರುತಿನ ಕಾರ್ಡ್ ತೋರಿಸಬೇಕು. ಒಂದೇ ಕ್ಲಾಸಲ್ಲಿ ಇಬ್ಬರು ಆದ್ಯಾ ಇರುತ್ತಾರೆ, ಹಾಗಾಗಿ ಟೇಬಲ್‌ನಲ್ಲಿ ಕೂತವರು ಪಟ್ಟಿ ನೋಡಿ ದಾಖಲಾತಿ ಸಂಖ್ಯೆಯನ್ನೂ ಸೇರಿಸಲಿ. ಚೀಟಿ ಹಿಡಿದು ಓಡುವುದು ಪಿಟಿ ಮೇಷ್ಟ್ರು ಅಥವಾ ಅಟೆಂಡರ್ ಕೆಲಸ. ದೊಡ್ಡ ಕ್ಲಾಸಿನ ಹುಡುಗರನ್ನು ಇದಕ್ಕೆ ಹಚ್ಚಬೇಡಿ. ಕ್ಲಾಸ್ ಟೀಚರ್ ಚೀಟಿ ನೋಡಿ ಮಗುವನ್ನು ಕಳಿಸುತ್ತಾರೆ. ಟೇಬಲ್‌ನಲ್ಲಿ ಸಹಿ, ಸಮಯ, ಆಮೇಲೆ ಹೊರಡುವುದು. ಅಕ್ಕ-ತಮ್ಮ ಇದ್ದರೆ ಇಬ್ಬರನ್ನೂ ಒಟ್ಟಿಗೇ ಕಳಿಸಿ.

ಯಾರಿಗೆ ಒಪ್ಪಿಸಬಹುದು ಎಂಬುದನ್ನು ಜೂನ್‌ನಲ್ಲೇ ಬರೆಸಿಕೊಳ್ಳಿ. ಅಪ್ಪ-ಅಮ್ಮನಲ್ಲದೆ ಇನ್ನೂ ಇಬ್ಬರ ಹೆಸರು ಬೇಕು. ಕೂಲಿಗೆ ಹೋಗುವ ತಾಯಿಗೆ ಬರಲಾಗದೇ ಇರಬಹುದು, ಪಕ್ಕದ ಮನೆಯ ಅಜ್ಜಿ ಬರಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದಿನಾ ಬರುವ ವ್ಯಾನ್ ಡ್ರೈವರ್‌ಗೂ ಕೊಡಬೇಡಿ. ಗಂಡ-ಹೆಂಡತಿ ಬೇರೆಯಾಗಿ ಕೋರ್ಟ್ ಆದೇಶ ಇದ್ದರೆ ಅದರ ಪ್ರತಿ ಕಡತದಲ್ಲಿರಲಿ. ಇಂಥ ಕಡೆ ಜಗಳ ಆಗುತ್ತದೆ. ಆಗ ಮೇಷ್ಟ್ರು ಒಬ್ಬರೇ ನಿಲ್ಲಬಾರದು, ಟೇಬಲ್ ಹತ್ತಿರ ಒಬ್ಬ ಕಾನ್‌ಸ್ಟೇಬಲ್ ಬೇಕು. ಯೋಜನೆಯಲ್ಲಿ ಪೊಲೀಸರಿಂದ ಕೇಳಬೇಕಾದ ಎರಡು ದೊಡ್ಡ ಸಹಾಯಗಳಲ್ಲಿ ಇದು ಒಂದು. ಇನ್ನೊಂದು, ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಬರುವ ರಸ್ತೆಯನ್ನು ಖಾಲಿ ಇಡುವುದು.

ವಾಟ್ಸ್ಯಾಪ್ ಗುಂಪಿಗೆ ಹೋಗುವ ಸಂದೇಶವನ್ನೂ ಮೊದಲೇ ಬರೆದಿಡಿ: “ಮಕ್ಕಳನ್ನು ಹೊರಗೆ ತಂದಿದ್ದೇವೆ, ಟೀಚರ್‌ಗಳು ಜೊತೆಗಿದ್ದಾರೆ. ಹಿಂದಿನ ಗೇಟಿಗೆ ಬನ್ನಿ. ಗುರುತಿನ ಕಾರ್ಡ್ ತನ್ನಿ. ಗಾಡಿ ದೂರ ನಿಲ್ಲಿಸಿ.” ಹೆಡ್‌ಮಾಸ್ಟರ್ ಒಬ್ಬರೇ ಕಳಿಸಲಿ. ಆ ಹೊತ್ತಲ್ಲಿ ಗುಂಪಿನಲ್ಲಿ ಬೇರೆ ಯಾರೂ ಬರೆಯಲಾಗದಂತೆ ಸೆಟ್ಟಿಂಗ್ ಬದಲಿಸಿ. ಸುಮ್ನೆ ಪ್ರಶ್ನೆಗಳ ರಾಶಿ ಬಿದ್ದರೆ ಈ ನಾಲ್ಕು ಸಾಲು ಮೇಲೆಲ್ಲೋ ಹೋಗಿಬಿಡುತ್ತವೆ.

ಅಣಕು ಪ್ರದರ್ಶನವನ್ನು ಮೈದಾನದಲ್ಲಿ ಸಾಲು ನಿಲ್ಲಿಸಿ ಫೋಟೊ ತೆಗೆಯುವಲ್ಲಿಗೆ ಮುಗಿಸಬೇಡಿ. ಕೆಲವು ಹೆತ್ತವರನ್ನು ಕರೆದು ಒಪ್ಪಿಸುವುದನ್ನೂ ಮಾಡಿ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬರನ್ನು ಬೇಕಂತಲೇ ಕಳಿಸಿ, ಟೇಬಲ್‌ನವರು ಏನು ಮಾಡುತ್ತಾರೆ ನೋಡಿ.

ಯೋಜನೆಯ ಒಂದು ಪ್ರತಿ ಠಾಣೆಯಲ್ಲಿರಲಿ. ಇನ್‌ಸ್ಪೆಕ್ಟರ್‌ಗೆ ವರ್ಗ ಆದರೆ ಹೊಸಬರನ್ನು ಮತ್ತೆ ಕರೆದು ಅದೇ ಸುತ್ತು ನಡೆಸಿ.