ಗಾಲ್ಫ್ ಫ್ಯಾಂಟಸಿ ತಂಡ ಕಟ್ಟುವುದು ಹೇಗೆ? ಒಂದು ನೋಟ್‌ಬುಕ್, ಆರು ಹೆಸರು, ದುಡ್ಡಿನ ಮಾತೇ ಇಲ್ಲ

ಏಪ್ರಿಲ್‌ನಲ್ಲಿ ಗಾಲ್ಫ್‌ನ ನಾಲ್ಕು ದೊಡ್ಡ ಪಂದ್ಯಗಳಲ್ಲಿ ಒಂದಾದ ಮಾಸ್ಟರ್ಸ್‌ನ ವಾರ ಬಂತು ಅಂದರೆ ನಮ್ಮ ಗುಂಪಿನಲ್ಲಿ 200 ಪುಟದ ಒಂದು ಲಾಂಗ್ ನೋಟ್‌ಬುಕ್ ಹೊರಗೆ ಬರುತ್ತದೆ. ನಾವು ಒಂಬತ್ತು ಜನ. ಐದು ಜನ ಮೈಸೂರಿನವರು, ನಾಲ್ವರು ಮಂಡ್ಯದ ಕಡೆಯವರು. ಪ್ರತಿಯೊಬ್ಬರೂ ನಿಜವಾದ ಆಟಗಾರರಲ್ಲಿ ಆರು ಜನರ ತಂಡ ಬರೆಯುತ್ತೇವೆ, ಅವರು ಆಡಿದ ಹಾಗೆ ನಮಗೆ ಅಂಕ, ಅದೇ ಫ್ಯಾಂಟಸಿ. ಲೆಕ್ಕ ಬರೆಯುವ ಕೆಲಸ ನನ್ನದು. ಇದೆಲ್ಲ ಶುರುವಾಗಿದ್ದು 2021ರ ಆಗಸ್ಟ್ 7ರ ಶನಿವಾರ ಬೆಳಗ್ಗೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಅಂತ ಯಾರೋ ಮೆಸೇಜ್ ಹಾಕಿದರು. ಬರ್ಡಿ ಅಂದರೇನು, ಬೋಗಿ ಅಂದರೇನು ಅಂತ ಗೊತ್ತಿಲ್ಲದವರೆಲ್ಲ ಟಿವಿ ಮುಂದೆ ಕೂತೆವು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ಅವತ್ತು ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ಊರೆಲ್ಲ ಅದನ್ನೇ ಮಾತಾಡಿತು, ನಮಗೆ ಮಾತ್ರ ಬೆಳಗಿನ ಗಾಲ್ಫ್ ತಲೆಯಿಂದ ಹೋಗಲಿಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡು ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಫ್ಯಾಂಟಸಿಯೂ ಅದರಲ್ಲಿ ಸೇರಿದೆ. ಇದು ಅದೃಷ್ಟದ ಆಟ ಅಲ್ಲ, ತಲೆ ಓಡಿಸುವ ಆಟ ಅಂತ ವಾದ ಮಾಡಿದರೂ ನಡೆಯುವುದಿಲ್ಲ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆ ಕಾನೂನು ಬರುವ ಮುಂಚೆಯೇ ನಮ್ಮ ಗುಂಪಿನಲ್ಲಿ ದುಡ್ಡು ಬೇಡ ಅಂತ ತೀರ್ಮಾನ ಆಗಿತ್ತು. ನನ್ನ ಚಿಕ್ಕಮ್ಮನ ಮಗ ಒಂದು ಆ್ಯಪ್‌ನಲ್ಲಿ ಆಡಿ ಆಡಿ ಕಬ್ಬಿನ ಬಿಲ್ ಬಂದ ಎರಡೇ ವಾರದಲ್ಲಿ ಅದನ್ನೆಲ್ಲ ಕಳೆದಿದ್ದ. ಮನೆಯಲ್ಲಿ ಹೇಳಿದ್ದು ಬಿತ್ತನೆ ಹೊತ್ತಿಗೆ, ಗೊಬ್ಬರಕ್ಕೆ ದುಡ್ಡು ಬೇಕಾದಾಗ. ಚಿಕ್ಕಮ್ಮ ಅವನಿಗೆ ಬೈಯಲೂ ಇಲ್ಲ, ಸುಮ್ನೆ ಒಳಗೆ ಹೋಗಿ ಒಲೆ ಮುಂದೆ ಕೂತರು. ಅವನೂ ಈಗ ನಮ್ಮ ಒಂಬತ್ತು ಜನರಲ್ಲಿ ಒಬ್ಬ. ನೋಟ್‌ಬುಕ್‌ನಲ್ಲಿ ಆಡುತ್ತಾನೆ, ಚೆನ್ನಾಗಿಯೇ ಆಡುತ್ತಾನೆ. ಗೆದ್ದವರ ಹೆಸರು ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಚೌಕದಲ್ಲಿ ಬರೆಯುತ್ತೇವೆ, ಅಷ್ಟೇ ಬಹುಮಾನ.

ಹಾಗಾದರೆ ಬೆಟ್ಟಿಂಗ್ ದರ ಯಾಕೆ ಓದಬೇಕು ಅಂತ ಕೇಳಬಹುದು. ಮಳೆ ಮುನ್ಸೂಚನೆ ಓದಿದ ಹಾಗೆ ಓದಿ. ಹೊರದೇಶದ ಬುಕ್ಕಿಗಳು ಎಲ್ಲ ಆಟಗಾರರಿಗೂ ದರ ಹಾಕಿರುತ್ತಾರೆ, ಅಲ್ಲಿನ ಪತ್ರಿಕೆಗಳ ಕ್ರೀಡಾಪುಟದಲ್ಲೂ ಬರುತ್ತದೆ. ರೇಸ್‌ಕೋರ್ಸ್ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಮುಂಡಿ ಬೆಟ್ಟದ ಬುಡದಲ್ಲಿ ನಮ್ಮ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬೂ ರೇಸ್‌ಕೋರ್ಸೂ ಒಂದೇ ಕಡೆ ಇವೆ. ಕುದುರೆಗೆ ಐದಕ್ಕೆ ಒಂದು, ಅಂದರೆ ಒಂದು ಕಟ್ಟಿ ಗೆದ್ದರೆ ಐದು ಲಾಭ, ಗಾಲ್ಫ್ ಆಟಗಾರನಿಗೂ ಅದೇ. ಐದಕ್ಕೆ ಒಂದನ್ನು ಕೂಡಿಸಿ ಆರು, ಒಂದನ್ನು ಆರರಿಂದ ಭಾಗಿಸಿ, ಸುಮಾರು ಶೇ 17. ಅಂದರೆ ಆ ಆಟಗಾರ ಗೆಲ್ಲುವ ಸಾಧ್ಯತೆ ಅಷ್ಟು ಅಂತ ಮಾರುಕಟ್ಟೆ ಹೇಳುತ್ತಿದೆ. ನಲವತ್ತಕ್ಕೆ ಒಂದು ಅಂದರೆ ಶೇ 2.4. ಎಲ್ಲರದ್ದೂ ಕೂಡಿಸಿದರೆ ನೂರನ್ನು ದಾಟುತ್ತದೆ, ಆ ಜಾಸ್ತಿ ಇರುವುದು ಬುಕ್ಕಿಯ ಪಾಲು. ಹಾಗಾಗಿ ನಿಜವಾದ ಸಾಧ್ಯತೆ ಇನ್ನೂ ಸ್ವಲ್ಪ ಕಡಿಮೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕುದುರೆ ರೇಸಿನಲ್ಲಿ ಹತ್ತೋ ಹನ್ನೆರಡೋ ಕುದುರೆ ಓಡುತ್ತವೆ. ಗಾಲ್ಫ್‌ನ ಇನ್ನೊಂದು ದೊಡ್ಡ ಪಂದ್ಯವಾದ ಬ್ರಿಟಿಷ್ ಓಪನ್‌ನಲ್ಲಿ 156 ಜನ ಆಡುತ್ತಾರೆ. ಎಷ್ಟೇ ದೊಡ್ಡ ಆಟಗಾರನಾದರೂ ಹತ್ತು ಪಂದ್ಯಗಳಲ್ಲಿ ಏಳೆಂಟು ಸೋಲುತ್ತಾನೆ. ಆದ್ದರಿಂದ ಗೆಲ್ಲುವವನನ್ನು ಹುಡುಕುತ್ತಾ ಕೂರಬೇಡಿ. ಫ್ಯಾಂಟಸಿಯಲ್ಲಿ ಹುಡುಕಬೇಕಾದ್ದು ಶುಕ್ರವಾರ ರಾತ್ರಿ ಮನೆಗೆ ಹೋಗದ ಆರು ಜನರನ್ನು.

ಕಟ್ ಮೊದಲು, ಕಪ್ ಆಮೇಲೆ

ಒಂದು ಪಂದ್ಯ ಅಂದರೆ ನಾಲ್ಕು ದಿನ, ದಿನಕ್ಕೆ 18 ಹೋಲ್ (ಚೆಂಡು ಹಾಕಬೇಕಾದ ಗುಳಿ), ಒಟ್ಟು 72. ಗುರುವಾರ, ಶುಕ್ರವಾರ ಎಲ್ಲರೂ ಆಡುತ್ತಾರೆ. ಆಮೇಲೆ ಕಟ್, ಹಿಂದೆ ಬಿದ್ದವರು ಮನೆಗೆ. ಮಾಸ್ಟರ್ಸ್‌ನಲ್ಲಿ ಮೊದಲ 50 ಸ್ಥಾನ ಮತ್ತು ಅಲ್ಲಿ ಸಮ ಆದವರು, ಯುಎಸ್ ಓಪನ್‌ನಲ್ಲಿ 60, ಬ್ರಿಟಿಷ್ ಓಪನ್‌ನಲ್ಲಿ 70. ಕಟ್ ದಾಟದವನು ನಿಮಗೆ 36 ಹೋಲ್ ಅಂಕ ಮಾತ್ರ ಕೊಡುತ್ತಾನೆ, ದಾಟಿದವನು 72. ಅಂದರೆ ಒಬ್ಬ ಹೊರಗೆ ಬಿದ್ದರೆ ಅರ್ಧ ಆಟಗಾರ ಹೋದ ಹಾಗೆ. ಇನ್ನೂ ಒಂದು. ಮಾಸ್ಟರ್ಸ್‌ನಲ್ಲಿ ಆಡುವವರೇ ನೂರಕ್ಕಿಂತ ಕಡಿಮೆ, ಅರ್ಧಕ್ಕಿಂತ ಜಾಸ್ತಿ ಜನ ಉಳಿಯುತ್ತಾರೆ, ಅಲ್ಲಿ ಸ್ವಲ್ಪ ಧೈರ್ಯ ಮಾಡಬಹುದು. ಬ್ರಿಟಿಷ್ ಓಪನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಶುಕ್ರವಾರವೇ ಗಂಟುಮೂಟೆ ಕಟ್ಟುತ್ತಾರೆ, ಅಲ್ಲಿ ಹುಷಾರಾಗಿರಿ.

ನಮ್ಮ ನಿಯಮ ಹೀಗಿದೆ, ಬೇಕಿದ್ದರೆ ಇದನ್ನೇ ಇಟ್ಟುಕೊಳ್ಳಿ. ಪ್ರತಿಯೊಬ್ಬರಿಗೂ ಖರ್ಚು ಮಾಡಲು 100 ಪಾಯಿಂಟ್, ಅದರಲ್ಲಿ ಆರು ಆಟಗಾರರನ್ನು ಕೊಳ್ಳಬೇಕು. ಬುಕ್ಕಿಗಳ ದರಪಟ್ಟಿಯಲ್ಲಿ ಮೊದಲನೆಯವನಿಗೆ 30, ಮುಂದಿನ ನಾಲ್ವರಿಗೆ 24, ಆರರಿಂದ ಹದಿನೈದನೆಯವನವರೆಗೆ 19, ಮೂವತ್ತೈದನೆಯವನವರೆಗೆ 15, ಉಳಿದವರೆಲ್ಲ 10. ಅಂಕ ಕೊಡುವ ಲೆಕ್ಕವನ್ನು ಅಮೆರಿಕದ ಫ್ಯಾಂಟಸಿ ಕಂಪನಿ ಡ್ರಾಫ್ಟ್‌ಕಿಂಗ್ಸ್‌ನಿಂದ ತೆಗೆದುಕೊಂಡಿದ್ದೇವೆ. ಪ್ರತಿ ಹೋಲ್‌ಗೂ ಇಷ್ಟು ಹೊಡೆತ ಅಂತ ಗೊತ್ತು ಮಾಡಿರುತ್ತಾರೆ, ಅದೇ ಪಾರ್. ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಒಂದು ಜಾಸ್ತಿಯಾದರೆ ಬೋಗಿ, ಎರಡು ಜಾಸ್ತಿಯಾದರೆ ಡಬಲ್ ಬೋಗಿ. ಬರ್ಡಿಗೆ 3, ಈಗಲ್‌ಗೆ 8, ಪಾರ್‌ಗೆ ಅರ್ಧ, ಬೋಗಿಗೆ ಅರ್ಧ ಕಳೆಯುವುದು, ಡಬಲ್ ಬೋಗಿಗೆ 1 ಕಳೆಯುವುದು.

ಈ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ಒಬ್ಬ ಎರಡು ಬರ್ಡಿ, ಹದಿನಾರು ಪಾರ್ ಮಾಡಿದ. ಪಾರ್‌ಗಿಂತ ಎರಡು ಕಡಿಮೆ, ಅಚ್ಚುಕಟ್ಟಾದ ಆಟ. ಅಂಕ 14. ಇನ್ನೊಬ್ಬ ಐದು ಬರ್ಡಿ, ಹತ್ತು ಪಾರ್, ಮೂರು ಬೋಗಿ. ಅವನದೂ ಪಾರ್‌ಗಿಂತ ಎರಡೇ ಕಡಿಮೆ. ಆದರೆ ಅಂಕ 18.5. ಸ್ಕೋರ್‌ಬೋರ್ಡ್‌ನಲ್ಲಿ ಇಬ್ಬರೂ ಒಂದೇ, ನಮ್ಮ ನೋಟ್‌ಬುಕ್‌ನಲ್ಲಿ ಒಂದಲ್ಲ. ಆದ್ದರಿಂದ ಕಟ್ ದಾಟುತ್ತಾರೆ ಅನ್ನಿಸಿದ ಇಬ್ಬರು ಒಂದೇ ಬೆಲೆಗೆ ಸಿಕ್ಕಾಗ, ಜಾಸ್ತಿ ಬರ್ಡಿ ಹೊಡೆಯುವವನನ್ನೇ ತೆಗೆದುಕೊಳ್ಳಿ, ನಡುನಡುವೆ ಎಡವಿದರೂ ಪರವಾಗಿಲ್ಲ.

ಸೋಮವಾರ: ಮೈದಾನ ಓದಿ

ಆಟಗಾರರ ಪಟ್ಟಿ ತೆರೆಯುವ ಮುಂಚೆ ಮೈದಾನ ಎಂಥದ್ದು ಅಂತ ಓದಿ. ಉದ್ದ ಇದೆಯಾ, ಕಿರಿದಾ, ಗ್ರೀನ್ (ಹೋಲ್ ಸುತ್ತಲಿನ ನುಣುಪಾದ ಹುಲ್ಲು) ಗಟ್ಟಿಯಾ, ನೀರು ಎಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಷಿಪ್ ನಡೆಯಿತಲ್ಲ, ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ರೋರಿ ಮೆಕಿಲ್ರಾಯ್ ಬಂದಿದ್ದರು. ಅವರ ದೊಡ್ಡ ಅಸ್ತ್ರ ಅಂದರೆ ಡ್ರೈವರ್, ತುಂಬಾ ದೂರ ಹೊಡೆಯುವ ಉದ್ದ ಕೋಲು. ಆದರೆ ದೆಹಲಿಯ ಆ ಲೋಧಿ ಕೋರ್ಸ್‌ನಲ್ಲಿ ಎರಡೂ ಪಕ್ಕ ಪೊದೆ, ಮರ, ಮಧ್ಯೆ ಕಿರಿದಾದ ದಾರಿ. ದಾರಿ ಬಿಟ್ಟರೆ ಚೆಂಡು ಸಿಗುವುದೇ ಕಷ್ಟ. ರೋರಿ ಡ್ರೈವರ್ ಬಿಟ್ಟೇ ಆಡಿದರು. ಗೆದ್ದದ್ದು ಟಾಮಿ ಫ್ಲೀಟ್‌ವುಡ್, ಪಾರ್‌ಗಿಂತ 22 ಕಡಿಮೆ. ನೇರವಾಗಿ, ಲೆಕ್ಕ ಹಾಕಿ ಆಡುವ ಮನುಷ್ಯ. ನಮ್ಮಲ್ಲಿ ಏಳು ಜನ ರೋರಿಗೆ 30 ಪಾಯಿಂಟ್ ಸುರಿದಿದ್ದರು. ನಾನೂ ಸುರಿದಿದ್ದೆ, ಟಿವಿಯಲ್ಲಿ ನೋಡುವ ಆಸೆಗೆ. ಕ್ಯಾಲೆಂಡರಿನಲ್ಲಿ ಅವತ್ತು ಬಿದ್ದ ಹೆಸರು ಚಿಕ್ಕಮ್ಮನ ಮಗನದು.

ಮಾಸ್ಟರ್ಸ್ ನಡೆಯುವ ಅಗಸ್ಟಾದಲ್ಲಿ ಬೇರೆ ಥರ. ಅಲ್ಲಿ ಅನುಭವಕ್ಕೆ ಬೆಲೆ. 1934, 1935ರ ಮೊದಲ ಎರಡು ವರ್ಷ ಬಿಟ್ಟರೆ, ಮೊದಲ ಸಲ ಬಂದು ಗೆದ್ದವರು ಅಂತ ಕಾಣುವುದು 1979ರ ಫಜ್ಜಿ ಜೋಲರ್ ಹೆಸರು. ಗ್ರೀನ್‌ಗಳ ಇಳಿಜಾರು ಟಿವಿಯಲ್ಲಿ ಗೊತ್ತಾಗುವುದಿಲ್ಲ, ಎಲ್ಲಿ ತಪ್ಪಬಹುದು, ಎಲ್ಲಿ ತಪ್ಪಲೇಬಾರದು ಅನ್ನುವುದನ್ನು ಆಡಿ ಆಡಿಯೇ ಕಲಿಯಬೇಕು. ಕಲಿತವರನ್ನೂ ಅದು ಬಿಡುವುದಿಲ್ಲ. 12ನೇ ಹೋಲ್ ಬರೀ 155 ಗಜ, ಮುಂದೆ ಒಂದು ತೊರೆ. 2015ರಲ್ಲಿ ಗೆದ್ದಿದ್ದ ಜೋರ್ಡನ್ ಸ್ಪೀತ್ 2016ರ ಕೊನೆಯ ದಿನ ಅರ್ಧ ದಾರಿಯಲ್ಲಿ ಐದು ಹೊಡೆತ ಮುಂದಿದ್ದರು, ಅಲ್ಲಿ ಎರಡು ಸಲ ಚೆಂಡನ್ನು ನೀರಿಗೆ ಹಾಕಿ ಪಾರ್ ಮೂರರ ಹೋಲ್‌ಗೆ ಏಳು ಹೊಡೆತ ತೆಗೆದುಕೊಂಡರು. ಗೆದ್ದದ್ದು ಡ್ಯಾನಿ ವಿಲೆಟ್. ಆದರೂ ಹೇಳುತ್ತೇನೆ, ಅಗಸ್ಟಾದಲ್ಲಿ ಮೊದಲ ಸಲ ಆಡುವವನನ್ನು 10 ಪಾಯಿಂಟ್‌ಗೆ ಸಿಕ್ಕಿದ ಅಂತ ತೆಗೆದುಕೊಳ್ಳಬೇಡಿ.

ಮಂಗಳವಾರ: ಯಾರ ಕೈ ನಡೆಯುತ್ತಿದೆ

ಈಗ ಆಟಗಾರರು. ವಿಶ್ವ ರ್ಯಾಂಕಿಂಗ್ ಒಂದನ್ನೇ ನಂಬಬೇಡಿ. 2022ರಲ್ಲಿ ಲಿವ್ ಗಾಲ್ಫ್ ಅನ್ನುವ ಪ್ರತ್ಯೇಕ ಲೀಗ್ ಶುರುವಾದ ಮೇಲೆ ಅಲ್ಲಿಗೆ ಹೋದವರಿಗೆ ವರ್ಷಗಟ್ಟಲೆ ರ್ಯಾಂಕಿಂಗ್ ಅಂಕವೇ ಸಿಗಲಿಲ್ಲ. ಆದರೂ ಅಲ್ಲಿಗೆ ಹೋಗಿದ್ದ ಬ್ರೂಕ್ಸ್ ಕೆಪ್ಕಾ 2023ರ ಪಿಜಿಎ ಚಾಂಪಿಯನ್‌ಷಿಪ್ ಗೆದ್ದರು, ಅಲ್ಲಿಯವರೇ ಆದ ಬ್ರೈಸನ್ ಡಿಶಾಂಬೋ 2024ರ ಯುಎಸ್ ಓಪನ್ ಗೆದ್ದರು.

ನೋಡಬೇಕಾದ್ದು ಸ್ಟ್ರೋಕ್ಸ್ ಗೇನ್ಡ್ ಅನ್ನುವ ಲೆಕ್ಕ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಕಟ್ಟಿದ್ದು, ಅಮೆರಿಕದ ದೊಡ್ಡ ಗಾಲ್ಫ್ ಸರಣಿ ಪಿಜಿಎ ಟೂರ್ 2011ರಿಂದ ಬಳಸುತ್ತಿದೆ. ಕೇಳಲು ಕಷ್ಟ, ಒಳಗೆ ಸುಲಭ. ಎಂಟು ಅಡಿ ದೂರದಿಂದ ಪಿಜಿಎ ಟೂರ್ ಆಟಗಾರರು ಸುಮಾರು ಅರ್ಧ ಸಲ ಚೆಂಡನ್ನು ಒಳಗೆ ಹಾಕುತ್ತಾರೆ. ಅಂದರೆ ಅಲ್ಲಿಂದ ಸರಾಸರಿ ಒಂದೂವರೆ ಹೊಡೆತ. ನೀವು ಒಂದರಲ್ಲಿ ಹಾಕಿದರೆ ಅರ್ಧ ಹೊಡೆತ ಲಾಭ, ಎರಡು ಬೇಕಾದರೆ ಅರ್ಧ ನಷ್ಟ. ಹೀಗೆ ಪ್ರತಿ ಹೊಡೆತಕ್ಕೂ ಲಾಭ ನಷ್ಟ ಬರೆದು ನಾಲ್ಕು ಭಾಗ ಮಾಡುತ್ತಾರೆ: ಮೊದಲ ಹೊಡೆತ, ಗ್ರೀನ್‌ಗೆ ತಲುಪಿಸುವ ಅಪ್ರೋಚ್, ಗ್ರೀನ್ ಸುತ್ತಮುತ್ತ, ಕೊನೆಗೆ ಪಟಿಂಗ್, ಅಂದರೆ ಗ್ರೀನ್ ಮೇಲೆ ಚೆಂಡನ್ನು ಹೋಲ್‌ಗೆ ಉರುಳಿಸುವುದು.

ಇದು ನನಗೆ ತಲೆಗೆ ಹೋಗಿದ್ದು ಅಂಕಿಯಿಂದ ಅಲ್ಲ. ನಮ್ಮ ಗುಂಪಿನಲ್ಲಿ ಹಿಂದೆ ಆಟಗಾರರ ಬ್ಯಾಗ್ ಹೊರುವ ಕ್ಯಾಡಿ ಕೆಲಸ ಮಾಡುತ್ತಿದ್ದ ಅಣ್ಣ ಒಬ್ಬರಿದ್ದಾರೆ. ಒಂದು ಸಲ ಟೀ ಅಂಗಡಿಯಲ್ಲಿ ಮೇಜಿನ ಒಂದು ಕಾಲಿನ ಕೆಳಗೆ ಬೆಂಕಿಪೊಟ್ಟಣ ಇಟ್ಟು ಓರೆ ಮಾಡಿದರು. ಒಂದು ನಿಂಬೆಹಣ್ಣು ತೆಗೆದುಕೊಂಡು, ಸಕ್ಕರೆ ಡಬ್ಬದ ಪಕ್ಕದಿಂದ ನನ್ನ ಲೋಟಕ್ಕೆ ತಾಗಿಸು ಅಂದರು. ಹತ್ತು ಸಲ ಉರುಳಿಸಿದೆ, ಮೂರು ಸಲ ತಾಗಿತು. ಇನ್ನೊಂದು ಹತ್ತು ಸಲ ಉರುಳಿಸು ಅಂದರು, ಏಳು ಸಲ ತಾಗಿತು. "ನಿನ್ನ ಕೈ ಅದೇ, ಮೇಜು ಅದೇ. ಪಟಿಂಗ್ ಅಂದ್ರೆ ಇದು ಕಣಪ್ಪ. ಇವತ್ತು ಬೀಳುತ್ತೆ, ನಾಳೆ ಬೀಳಲ್ಲ. ಆದ್ರೆ ದೂರದಿಂದ ಗ್ರೀನ್‌ಗೆ ತಂದು ಹಾಕೋನು ನಾಳೆನೂ ತಂದು ಹಾಕ್ತಾನೆ" ಅಂದರು. ಬ್ರೋಡಿಯ ಲೆಕ್ಕವೂ ಇದನ್ನೇ ಹೇಳುತ್ತದೆ. ಒಳ್ಳೆಯವರಿಗೂ ಸಾಧಾರಣದವರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದೂರದ ಹೊಡೆತಗಳದ್ದು.

ಹಾಗಾಗಿ ಹೀಗೆ ಮಾಡಿ. ಕಳೆದ ಎರಡು ಮೂರು ತಿಂಗಳಲ್ಲಿ ಅಪ್ರೋಚ್ ಚೆನ್ನಾಗಿದ್ದು ಪಟಿಂಗ್ ಕೈಕೊಟ್ಟವರ ಹೆಸರು ಬರೆದುಕೊಳ್ಳಿ. ಅವರ ಸ್ಥಾನಗಳು ಕೆಟ್ಟದಾಗಿ ಕಾಣುತ್ತವೆ, 30ನೇದು, 42ನೇದು. ಬೆಲೆ ಕಡಿಮೆ ಇರುತ್ತದೆ. ಕಟ್ ದಾಟುತ್ತಾ ಬಂದಿರುತ್ತಾರೆ. ನಮಗೆ ಬೇಕಾದ ಜನ ಇವರೇ. ಹೋದ ವಾರ ಎಲ್ಲ ಪಟ್ ಬಿದ್ದು ಮೂರನೇ ಸ್ಥಾನ ಬಂದವನ ಮೇಲೆ ಎಲ್ಲರ ಕಣ್ಣು ಇರುತ್ತದೆ, ಅವನನ್ನು ಬಿಟ್ಟುಬಿಡಿ. ಟೋಕಿಯೋದ ಅದಿತಿ ಇದಕ್ಕೆ ವಿರುದ್ಧದ ಉದಾಹರಣೆ ಅಂತ ನಮ್ಮವರು ಈಗಲೂ ಜಗಳಕ್ಕೆ ಬರುತ್ತಾರೆ. ದೂರ ಹೊಡೆಯುವವರ ನಡುವೆ ಪಟಿಂಗ್‌ನಿಂದಲೇ ಅವರು ಪದಕದ ಬಾಗಿಲಿಗೆ ಬಂದದ್ದು ನಿಜ. ಒಂದು ವಾರದಲ್ಲಿ ಹಾಗೆ ಆಗುತ್ತದೆ. ಯಾವ ವಾರ ಅಂತ ಮುಂಚೆ ಹೇಳುವುದಷ್ಟೇ ಕಷ್ಟ.

ನಮ್ಮವರು ಅನ್ನುವ ಪ್ರೀತಿ ಇರುತ್ತದಲ್ವಾ, ಅದಕ್ಕೂ ಜಾಗ ಕೊಡಿ. ಮೈಸೂರಿನ ಪ್ರಣವಿ ಅರಸ್ ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಆಡುವ ವಾರ ನಾವು ಅದಕ್ಕೂ ನೋಟ್‌ಬುಕ್ ತೆರೆಯುತ್ತೇವೆ, ಒಂಬತ್ತು ಹಾಳೆಯಲ್ಲೂ ಅವರ ಹೆಸರು ಇರುತ್ತದೆ. ಎಲ್ಲರೂ ತೆಗೆದುಕೊಂಡರೆ ಯಾರಿಗೂ ಲಾಭವೂ ಇಲ್ಲ ನಷ್ಟವೂ ಇಲ್ಲ, ಉಳಿದ ಐವರಲ್ಲಿ ಆಟ ತೀರ್ಮಾನ ಆಗುತ್ತದೆ.

ಬುಧವಾರ: ಗಾಳಿ, ಸಮಯ, ಬೀಗ

ಮೊದಲೆರಡು ದಿನ ಆಟಗಾರರು ಎರಡು ಭಾಗ ಆಗುತ್ತಾರೆ. ಗುರುವಾರ ಬೆಳಗ್ಗೆ ಆಡಿದವರು ಶುಕ್ರವಾರ ಮಧ್ಯಾಹ್ನ, ಇನ್ನರ್ಧ ಜನ ಇದರ ಉಲ್ಟಾ. ಬ್ರಿಟಿಷ್ ಓಪನ್‌ನಲ್ಲಿ ಇದು ತುಂಬಾ ಮುಖ್ಯ. ಅದು ಸಮುದ್ರದ ದಂಡೆಯ ಆಟ, ಜುಲೈ ಮಧ್ಯದಲ್ಲಿ ಬರುತ್ತದೆ, ಸಾಮಾನ್ಯವಾಗಿ ನಮ್ಮ ಆಷಾಢ. ಆಷಾಢದ ಗಾಳಿ ಹೇಗೆ ಅಂತ ಕೆಆರ್‌ಎಸ್ ಏರಿ ಮೇಲೆ ನಿಂತವರಿಗೆ ಗೊತ್ತು, ಬೆಳಗ್ಗೆ ಎಲೆ ಅಲುಗಾಡುವುದಿಲ್ಲ, ಮಧ್ಯಾಹ್ನ ಛತ್ರಿ ಕಿತ್ತುಕೊಂಡು ಹೋಗುತ್ತದೆ. ಅಲ್ಲೂ ಹಾಗೇ ಆದರೆ ಒಂದು ಭಾಗದವರು ಎರಡು ಮೂರು ಹೊಡೆತ ಸುಮ್ಮಸುಮ್ಮನೆ ಕಳೆದುಕೊಳ್ಳುತ್ತಾರೆ. ಬುಧವಾರ ಸಂಜೆ ಆ ಊರಿನ ಗಾಳಿಯ ಮುನ್ಸೂಚನೆಯನ್ನು ಗಂಟೆಗಂಟೆಗೆ ನೋಡಿ. ಎರಡೂ ಭಾಗಕ್ಕೆ ಒಂದೇ ಥರ ಇದ್ದರೆ ಮರೆತುಬಿಡಿ. ದೊಡ್ಡ ವ್ಯತ್ಯಾಸ ಇದ್ದರೆ ಆರರಲ್ಲಿ ನಾಲ್ವರನ್ನಾದರೂ ಒಳ್ಳೆಯ ಭಾಗದಿಂದ ತೆಗೆದುಕೊಳ್ಳಿ.

ಇನ್ನು ಪಾಯಿಂಟ್ ಹಂಚುವುದು. ಹೊಸಬರು 30 ಮತ್ತು 24ರ ಇಬ್ಬರನ್ನು ಹಾಕಿ, ಉಳಿದ 46ರಲ್ಲಿ ಒಬ್ಬ 15, ಮೂವರು 10ರವರನ್ನು ತುಂಬುತ್ತಾರೆ. ಆ ಮೂವರಲ್ಲಿ ಇಬ್ಬರು ಶುಕ್ರವಾರ ಹೋಗುತ್ತಾರೆ ಅಂತಲೇ ಇಟ್ಟುಕೊಳ್ಳಿ. ನನಗೆ ಸರಿ ಅನ್ನಿಸುವುದು 19ರ ಮೂವರು, 15ರ ಇಬ್ಬರು, 10ರ ಒಬ್ಬ. ಒಟ್ಟು 97. ಉಳಿದ ಮೂರು ಪಾಯಿಂಟ್ ಉಳಿಯಲಿ, ಪೂರ್ತಿ ಖಾಲಿ ಮಾಡಲೇಬೇಕು ಅಂತ ಹಟ ಹಿಡಿದು ಒಳ್ಳೆಯ ಹೆಸರನ್ನು ಬದಲಾಯಿಸಬೇಡಿ.

ಬೀಗ ಹಾಕುವ ಸಮಯ, ಅಂದರೆ ಆಮೇಲೆ ತಂಡ ಬದಲಾಯಿಸುವಂತಿಲ್ಲ ಅನ್ನುವ ಹೊತ್ತು, ಮೊದಲೇ ಗೊತ್ತು ಮಾಡಿಕೊಳ್ಳಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ. ಮಾಸ್ಟರ್ಸ್ ನಮ್ಮ ಗುರುವಾರ ಸಂಜೆ ಐದರ ಸುಮಾರಿಗೆ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುತ್ತದೆ. ಬ್ರಿಟಿಷ್ ಓಪನ್ ನಮ್ಮ ಬೆಳಗ್ಗೆ ಹನ್ನೊಂದರ ಸುಮಾರಿಗೇ ಶುರು. ನಮ್ಮಲ್ಲಿ ಮೊದಲ ಚೆಂಡು ಹೊಡೆಯುವ ಒಂದು ಗಂಟೆ ಮುಂಚೆ ಪ್ರತಿಯೊಬ್ಬರೂ ಹಾಳೆಯ ಫೋಟೋ ಗುಂಪಿಗೆ ಹಾಕಬೇಕು.

ಆ ಹಾಳೆಯಲ್ಲಿ ಏಳನೇ ಹೆಸರೂ ಇರಲಿ. ಬೆನ್ನು ನೋವು, ಮಣಿಕಟ್ಟು ನೋವು ಅಂತ ಕೊನೇ ಗಳಿಗೆಯಲ್ಲಿ ಯಾರಾದರೂ ಪಂದ್ಯ ಬಿಡುವುದು ಗಾಲ್ಫ್‌ನಲ್ಲಿ ಮಾಮೂಲು. ಮೊದಲ ಹೊಡೆತಕ್ಕೆ ಮುಂಚೆ ಬಿಟ್ಟರೆ ಏಳನೆಯವನು ಒಳಗೆ ಬರುತ್ತಾನೆ, ಒಂದು ಹೊಡೆತ ಹೊಡೆದ ಮೇಲೆ ಬಿಟ್ಟರೆ ಇಲ್ಲ. ಏಳನೆಯವನು 10 ಪಾಯಿಂಟ್‌ನವನೇ ಆಗಿರಬೇಕು, ಪೆನ್ನಿನಲ್ಲಿ ಬರೆದಿರಬೇಕು. ಪೆನ್ಸಿಲ್‌ನಲ್ಲಿ ಬರೆದದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.